ಹಕಾರದ ಜಾತಿ: ಇಂಗ್ಲಿಷ್ ವಿಭಾಗದ ಸಂಪ್ರಬಂಧಗಳನ್ನು ಓದುತ್ತಾ

ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ನಮ್ಮ ಹುಡುಗ ಹುಡುಗಿಯರು ವರ್ಷವರ್ಷವೂ ಬರೆದು ಒಪ್ಪಿಸುವ ಸಂಪ್ರಬಂಧಗಳನ್ನು ದಲಿತ ವಿಮರ್ಶೆ ಇಲ್ಲಿಯವರೆಗೆ ಓದಿಲ್ಲ. ಓದಬೇಕಾದ ಬರಹ ಅಂತ ಅದಕ್ಕೆ ಅನ್ನಿಸಿಯೂ ಇಲ್ಲ. ಕಾವ್ಯ, ಕತೆ, ಆತ್ಮಕತೆಗಳ ಬಗ್ಗೆ ನಾವು ದಶಕಗಳಿಂದ ಜಗಳ ಆಡಿಕೊಂಡು ಬಂದಿದ್ದೇವೆ. ಆದರೆ ಕೇರಿಯಿಂದ ಬಂದ ವಿದ್ಯಾರ್ಥಿಯೊಬ್ಬ ಪಾಂಡಿತ್ಯದ ಭಾಷೆಯಲ್ಲಿ ಮೊದಲ ಸಲ ಅರವತ್ತು ಎಪ್ಪತ್ತು ಪುಟ ಬರೆಯುವುದು ಈ ಸಂಪ್ರಬಂಧದಲ್ಲೇ. ಅದು ಮೂರು ಪ್ರತಿಯಾಗಿ ಬೈಂಡಾಗುತ್ತದೆ, ವೈವಾ ದಿನ ಮೇಜಿನ ಮೇಲೆ ಕೂರುತ್ತದೆ, ಆಮೇಲೆ ವಿಭಾಗದ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಅದರ ಒಳಗೆ ಏನು ನಡೆಯಿತು ಅಂತ ಕೇಳುವವರಿಲ್ಲ.

ನಾನು ಇಂಗ್ಲಿಷ್ ಪಾಠ ಹೇಳುವವನು. ನಾನಿರುವ ಕಡೆಯೂ, ಗೆಳೆಯರು ಕೆಲಸ ಮಾಡುವ ಒಂದೆರಡು ವಿಭಾಗಗಳಲ್ಲೂ ಇಂಥ ಬರಹಗಳನ್ನು ತೆಗೆದು ಓದಿದ್ದೇನೆ. ಅವು ಹೆಚ್ಚಾಗಿ ಮೂರು ಗುಡ್ಡೆಗಳಾಗಿ ಬೀಳುತ್ತವೆ. ಗ್ರಾಮೀಣ ವಿದ್ಯಾರ್ಥಿಗಳ ಇಂಗ್ಲಿಷ್ ಕಲಿಕೆಯ ತೊಂದರೆಗಳು ಒಂದು. ಭಾಷಾವಿಜ್ಞಾನ ಎಂಬ ಹೆಸರಿನಲ್ಲಿ ಯಾವುದೋ ಸೀಮೆಯ ಮಾತಿನ ಧ್ವನಿಗಳ ಪಟ್ಟಿ ಇನ್ನೊಂದು. ಸಿನಿಮಾ ಮೂರನೆಯದು, ಈಚೆಗೆ ಇದರದೇ ದೊಡ್ಡ ಗುಡ್ಡೆ. ಮೂರರಲ್ಲೂ ದಲಿತ ಇದ್ದಾನೆ. ಮೊದಲನೆಯದರಲ್ಲಿ ತಪ್ಪು ಮಾಡುವವನಾಗಿ, ಎರಡನೆಯದರಲ್ಲಿ ಮಾಹಿತಿ ಕೊಡುವವನಾಗಿ, ಮೂರನೆಯದರಲ್ಲಿ ತೆರೆಯ ಮೇಲಿನ ಬಿಂಬವಾಗಿ. ಪ್ರಶ್ನೆ ಕೇಳುವವನ ಜಾಗದಲ್ಲಿ ಮಾತ್ರ ಇಲ್ಲ. ಬರೆಯುತ್ತಿರುವವನೇ ದಲಿತನಾಗಿದ್ದಾಗಲೂ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಮೊದಲ ಗುಡ್ಡೆಯ ಒಂದು ಸಣ್ಣ ಅಕ್ಷರ ಹಿಡಿದುಕೊಂಡು ಹೊರಡೋಣ. ಹಳೇ ಮೈಸೂರು ಸೀಮೆಯ ವಿದ್ಯಾರ್ಥಿಗಳ ಇಂಗ್ಲಿಷ್ ಉಚ್ಚಾರದ ಮೇಲೆ ಬರೆದ ಯಾವ ಸಂಪ್ರಬಂಧ ತೆರೆದರೂ ತಪ್ಪುಗಳ ಪಟ್ಟಿಯಲ್ಲಿ ಹಕಾರ ಲೋಪ ಸಿಗುತ್ತದೆ. ಹೌಸ್ ಅನ್ನಬೇಕಾದವನು ಔಸ್ ಅನ್ನುತ್ತಾನೆ, ಹ್ಯಾಂಡ್ ಬದಲು ಆಂಡ್. ಕಾರಣದ ಕಾಲಮ್ಮಿನಲ್ಲಿ ಮಾತೃಭಾಷೆಯ ಪ್ರಭಾವ ಎಂದು ಬರೆದಿರುತ್ತದೆ. ಯಾರ ಮಾತೃಭಾಷೆ? ಅಲ್ಲಿಗೆ ಸಂಶೋಧನೆ ನಿಲ್ಲುತ್ತದೆ. ಅದೇ ವಿಭಾಗದ ಮೇಷ್ಟ್ರುಗಳಲ್ಲಿ ಅನೇಕರು ಎಂ.ಎ. ಎಂಬುದನ್ನು ಯಮ್ಮೆ ಅನ್ನುತ್ತಾರೆ, ಎಗ್ಸಾಮ್ ಯೆಗ್ಸಾಮ್ ಆಗುತ್ತದೆ, ಓನ್ಲಿ ವೋನ್ಲಿ ಆಗುತ್ತದೆ. ಇದೂ ಮಾತೃಭಾಷೆಯ ಪ್ರಭಾವವೇ. ಕನ್ನಡದವರು ಪದದ ಮೊದಲಿನ ಎಕಾರಕ್ಕೆ ಯಕಾರ, ಒಕಾರಕ್ಕೆ ವಕಾರ ಹಚ್ಚಿಯೇ ಆಡುವುದು. ಆದರೆ ಇದನ್ನು ತಪ್ಪಿನ ಪಟ್ಟಿಗೆ ಸೇರಿಸಿದ ಸಂಪ್ರಬಂಧ ನನ್ನ ಕಣ್ಣಿಗೆ ಬಿದ್ದಿಲ್ಲ. ಎಲ್ಲ ಜಾತಿಯವರೂ ಮಾಡುವ ತಪ್ಪು ಕಿವಿಗೆ ಬೀಳುವುದಿಲ್ಲ. ಕೆಲವರು ಮಾತ್ರ ಮಾಡುವುದು ಬಿದ್ದೇ ಬೀಳುತ್ತದೆ.

ಹಕಾರ ಬಿಡುವುದು ಹೊಲೆಮಾದಿಗರ ಸ್ವಂತ ಆಸ್ತಿಯೇನೂ ಅಲ್ಲ. ಗೌಡರ ಮಕ್ಕಳೂ ಹಾಲಿಗೆ ಆಲು, ಹೂವಿಗೆ ಊವು ಅನ್ನುತ್ತಾರೆ. ವಿಲಿಯಂ ಬ್ರೈಟ್ 1960ರಲ್ಲಿ ಬ್ರಾಹ್ಮಣರ ಕನ್ನಡವನ್ನೂ ಒಕ್ಕಲಿಗರ ಕನ್ನಡವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡ ವ್ಯತ್ಯಾಸಗಳಲ್ಲಿ ಇದೂ ಒಂದು. ಆದರೆ ಗೌಡರ ಹುಡುಗನ ಆಲು ಸಿನಿಮಾಕ್ಕೆ ಹೋದರೆ ಮಣ್ಣಿನ ಸೊಗಡಾಗುತ್ತದೆ, ನಾಯಕನ ಗತ್ತಾಗುತ್ತದೆ. ಕೇರಿಯ ಹುಡುಗಿಯ ಆಲು ಕ್ಲಾಸಿನಲ್ಲಿ ನಗೆಗೆ ಗುರಿಯಾಗುತ್ತದೆ. ಧ್ವನಿ ಎರಡೂ ಕಡೆ ಒಂದೇ. ಹಿಂದೆ ನಿಂತಿರುವ ಜಮೀನು ಬೇರೆ.

ಇನ್ನು ಈ ಹಕಾರ ಎಲ್ಲಿಂದ ಬಂತು ನೋಡಿ. ಹಳಗನ್ನಡದಲ್ಲಿ ಹಾಲು ಇರಲಿಲ್ಲ, ಪಾಲ್ ಇತ್ತು. ಹಂದಿ ಇರಲಿಲ್ಲ, ಪಂದಿ ಇತ್ತು. ಹತ್ತನೆಯ ಶತಮಾನದ ಸುಮಾರಿನಿಂದ ಪಕಾರ ಸಡಿಲವಾಗುತ್ತಾ ಬಂದು ನಡುಗನ್ನಡದ ಹೊತ್ತಿಗೆ ಹಕಾರವಾಗಿ ನಿಂತಿತು. ಇದನ್ನು ನಾವು ಭಾಷೆಯ ಚರಿತ್ರೆ ಅಂತ ಗೌರವದಿಂದ ಕಲಿಸುತ್ತೇವೆ, ಪರೀಕ್ಷೆಯಲ್ಲಿ ಕೇಳುತ್ತೇವೆ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟು ಹಂದಿಯನ್ನು ಅಂದಿ ಅಂದವನಿಗೆ ಬರೆಯೋಕ್ಕೆ ಬರಲ್ಲ, ನಾಲಿಗೆ ದಪ್ಪ ಅನ್ನುತ್ತೇವೆ. ಪಂದಿ ಅನ್ನುವುದನ್ನು ಬಿಟ್ಟವರು ಪೂರ್ವಿಕರು, ಹಂದಿ ಅನ್ನುವುದನ್ನು ಬಿಟ್ಟವರು ದಡ್ಡರು. ಈ ತರ್ಕ ಯಾವ ವ್ಯಾಕರಣದಲ್ಲೂ ಇಲ್ಲ.

ನಗು ಬರುವುದು ಇಂಗ್ಲಿಷ್ ಪಠ್ಯಕ್ರಮದ ವಿಚಾರಕ್ಕೆ. ಎಷ್ಟೋ ಕಡೆ ಇದೇ ವಿದ್ಯಾರ್ಥಿಗಳು ಬರ್ನಾರ್ಡ್ ಷಾನ ಪಿಗ್ಮೇಲಿಯನ್ ಓದುತ್ತಾರೆ. 1913ರಲ್ಲಿ ಮೊದಲ ಸಲ ರಂಗ ಹತ್ತಿದ ನಾಟಕ ಅದು. ಲಂಡನ್ನಿನ ಬೀದಿಯಲ್ಲಿ ಹೂ ಮಾರುವ ಎಲೈಜಾ ಹಕಾರ ಬಿಟ್ಟು ಮಾತಾಡುತ್ತಾಳೆ. 1964ರ ಮೈ ಫೇರ್ ಲೇಡಿ ಸಿನಿಮಾದಲ್ಲಿ ಪ್ರೊಫೆಸರ್ ಹಿಗಿನ್ಸ್ ಅವಳನ್ನು ಉರಿಯುವ ಜ್ವಾಲೆಯ ಮುಂದೆ ಕೂರಿಸುತ್ತಾನೆ. ಹಕಾರ ಸರಿಯಾಗಿ ಬಿದ್ದರೆ ಉಸಿರಿಗೆ ಜ್ವಾಲೆ ಅಲುಗಬೇಕು. ವಿದ್ಯಾರ್ಥಿಗಳು ಇದರ ಮೇಲೆ ವರ್ಗಸಂಘರ್ಷ, ಸ್ತ್ರೀವಾದ ಅಂತ ಚೆನ್ನಾಗಿಯೇ ಬರೆಯುತ್ತಾರೆ. ಹಾಗೆ ಬರೆದವಳು ಪಕ್ಕದ ಕೊಠಡಿಯಲ್ಲಿ ಉಚ್ಚಾರದ ಪಾಠಕ್ಕೆ ಕೂತು ತನ್ನ ಔಸ್‌ಗಾಗಿ ಬೈಸಿಕೊಳ್ಳುತ್ತಾಳೆ. ನಡುವೆ ಇರುವುದು ಒಂದು ಗೋಡೆ. ಎಲೈಜಾ ಸಾಹಿತ್ಯದ ಪತ್ರಿಕೆಗೆ ಸೇರಿದವಳು, ಇವಳು ಭಾಷಾ ಬೋಧನೆಯ ಪತ್ರಿಕೆಗೆ ಸೇರಿದವಳು. ಇಬ್ಬರೂ ಒಂದೇ ಅಕ್ಷರಕ್ಕಾಗಿ ಶಿಕ್ಷೆ ಅನುಭವಿಸುತ್ತಿದ್ದಾರೆ ಎಂಬುದು ಯಾವ ಪತ್ರಿಕೆಯ ಉತ್ತರದಲ್ಲೂ ಬರುವುದಿಲ್ಲ.

ವಿಲಿಯಂ ಲೆಬಾವ್ ಎಂಬ ಭಾಷಾವಿಜ್ಞಾನಿ 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ಉತ್ತರ ಫೋರ್ತ್ ಫ್ಲೋರ್ ಎಂದೇ ಬರುವಂಥ ಪ್ರಶ್ನೆಯನ್ನು ಕೆಲಸದವರಿಗೆ ಕೇಳಿದ ಕತೆ ಭಾಷಾವಿಜ್ಞಾನದ ಎಲ್ಲ ನೋಟ್ಸುಗಳಲ್ಲೂ ಇದೆ. ಶ್ರೀಮಂತರ ಅಂಗಡಿಯಲ್ಲಿ ರಕಾರ ಹೆಚ್ಚು ಕೇಳಿಸಿತು, ಅಗ್ಗದ ಅಂಗಡಿಯಲ್ಲಿ ಕಡಿಮೆ. ಇದರ ಸೊಗಸು ಇರುವುದು ಇಂಗ್ಲೆಂಡಿನ ಜೊತೆ ಇಟ್ಟು ನೋಡಿದಾಗ. ಅಲ್ಲಿ ದೊಡ್ಡವರ ಇಂಗ್ಲಿಷೇ ಆ ರಕಾರವನ್ನು ನುಂಗುತ್ತದೆ. ಒಂದು ಊರಿನಲ್ಲಿ ಯಾವುದು ಮರ್ಯಾದೆಯೋ ಇನ್ನೊಂದು ಊರಿನಲ್ಲಿ ಅದೇ ಹಳ್ಳಿತನ. ಧ್ವನಿಗೆ ತನ್ನಷ್ಟಕ್ಕೆ ಮೇಲು ಕೀಳು ಇಲ್ಲ ಅನ್ನುವುದನ್ನು ಇದಕ್ಕಿಂತ ಸರಳವಾಗಿ ತೋರಿಸಲಾಗದು. ಪಿಟ್ ಕಾರ್ಡರ್ 1967ರಲ್ಲೇ ಕಲಿಯುವವನ ತಪ್ಪು ಅವನೊಳಗೆ ಕಟ್ಟಿಕೊಳ್ಳುತ್ತಿರುವ ವ್ಯಾಕರಣದ ಸಾಕ್ಷಿ ಅಂತ ವಾದಿಸಿದ. ನಮ್ಮ ಸಂಪ್ರಬಂಧಗಳ ಎರಡನೇ ಅಧ್ಯಾಯದಲ್ಲಿ ಈ ಇಬ್ಬರೂ ಹಾಜರಿರುತ್ತಾರೆ. ನಾಲ್ಕನೇ ಅಧ್ಯಾಯಕ್ಕೆ ಬಂದರೆ ಮತ್ತೆ ಹಳೇ ಮೇಷ್ಟ್ರ ಕೆಂಪು ಶಾಯಿ. ಸಿದ್ಧಾಂತ ಮುನ್ನುಡಿಗೆ, ಜಾತಿ ತೀರ್ಮಾನಕ್ಕೆ.

ಇದಕ್ಕೆ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಗೈಡು ಒಪ್ಪಬೇಕು, ಫಾರ್ಮಾಟು ಒಪ್ಪಬೇಕು, ಜೂನ್ ಒಳಗೆ ಮುಗಿಯಬೇಕು. ಸ್ಯಾಂಪಲ್ ಆಗಿ ಹತ್ತಿರದ ಹಾಸ್ಟೆಲ್ಲಿನ ಐವತ್ತು ಮಂದಿ ಸಿಗುತ್ತಾರೆ. ಅದೇ ಹಾಸ್ಟೆಲ್ಲಿನಲ್ಲಿ ಸಂಶೋಧಕನೂ ಮಲಗುತ್ತಾನೆ. ಬೆಳಗಾದರೆ ಅವರನ್ನೇ ಅವನು ದೇ ಲ್ಯಾಕ್ ಎಕ್ಸ್‌ಪೋಷರ್ ಅಂತ ಬರೆಯಬೇಕು. ನಾವು ಅಂದರೆ ವಸ್ತುನಿಷ್ಠತೆ ಕೆಡುತ್ತದಂತೆ.

ನನಗೆ ಹೆಚ್ಚು ಸಿಟ್ಟು ಬರಿಸುವುದು ಆ ಪ್ರಶ್ನಾವಳಿ. ಇಂಗ್ಲಿಷ್ ಮಾತಾಡಲು ನಿಮಗೆ ಹಿಂಜರಿಕೆಯೇ? ಬಹಳ, ಸ್ವಲ್ಪ, ಇಲ್ಲ. ಮನೆಯಲ್ಲಿ ಪತ್ರಿಕೆ ತರಿಸುತ್ತೀರಾ? ಹಿಂಜರಿಕೆ ಎಂಬುದು ಹುಡುಗನ ಎದೆಯಲ್ಲಿ ತಾನಾಗಿ ಹುಟ್ಟಿದ ರೋಗ ಅನ್ನುವ ಹಾಗೆ. ನಿನ್ನ ಜೊತೆ ಯಾರು ಮಾತಾಡುತ್ತಾರೆ, ಯಾರು ನಿನ್ನ ರೂಮಿಗೆ ಬರುತ್ತಾರೆ, ನಿನ್ನ ಡಬ್ಬಿಯಿಂದ ಯಾರು ತಿನ್ನುತ್ತಾರೆ ಎಂಬ ಪ್ರಶ್ನೆ ಅಲ್ಲಿರುವುದಿಲ್ಲ. ಅದು ಸಮಾಜಶಾಸ್ತ್ರ, ಇಂಗ್ಲಿಷ್ ಅಲ್ಲ ಅಂತ ಮೇಲಿನವರು ಹೇಳುತ್ತಾರೆ. ಆದರೆ ಅದು ಭಾಷಾವಿಜ್ಞಾನದ ಒಳಗಿನ ಪ್ರಶ್ನೆಯೇ ಎನ್ನುವುದಕ್ಕೆ ಅರವತ್ತು ವರ್ಷಕ್ಕೂ ಹಳೆಯ ಆಧಾರವಿದೆ.

ಜಾನ್ ಗಂಪರ್ಜ್ ಉತ್ತರ ಪ್ರದೇಶದ ಖಾಲಾಪುರ ಎಂಬ ಹಳ್ಳಿಯಲ್ಲಿ ಕೆಲಸ ಮಾಡಿ 1958ರಲ್ಲಿ ಒಂದು ಲೇಖನ ಬರೆದ. ಅಲ್ಲಿಯ ಅಸ್ಪೃಶ್ಯ ಜಾತಿಗಳ ಮಾತು ಉಳಿದವರ ಮಾತಿಗಿಂತ ಬೇರೆಯಾಗಿತ್ತು. ಯಾಕೆ? ಸಂಪರ್ಕ ಇಲ್ಲದ್ದಕ್ಕೆ ಅನ್ನೋಣ ಅಂದರೆ ಸಂಪರ್ಕ ಬೇಕಾದಷ್ಟಿತ್ತು. ಹೊಲದಲ್ಲಿ, ಕಸ ಬಳಿಯುವಲ್ಲಿ, ಚಾಕರಿಯಲ್ಲಿ ದಿನಬೆಳಗಾದರೆ ಅವರು ಮೇಲ್ಜಾತಿಯವರ ಮಾತು ಕೇಳುತ್ತಲೇ ಇದ್ದರು. ಇಲ್ಲದ್ದು ಗೆಳೆತನ. ಮಕ್ಕಳು ಕೂಡಿ ಆಡುವುದು, ಸಂಜೆ ಕೂತು ಹರಟುವುದು. ಮಾತಿನ ಗಡಿಗಳು ದುಡಿಮೆಯ ಸಂಪರ್ಕವನ್ನು ಹಿಂಬಾಲಿಸದೆ ಸ್ನೇಹದ ಗಡಿಗಳನ್ನೇ ಹಿಂಬಾಲಿಸುತ್ತವೆ ಎಂದು ಗಂಪರ್ಜ್ ತೋರಿಸಿದ. ಸಾಲದೆಂಬಂತೆ ಅಸ್ಪೃಶ್ಯ ಜಾತಿಗಳ ನಡುವೆಯೂ ವ್ಯತ್ಯಾಸಗಳಿದ್ದವು. ನಮ್ಮ ಒಳಜಗಳಗಳ ಈ ಹೊತ್ತಿನಲ್ಲಿ ಅದನ್ನೂ ಮರೆಯಬಾರದು.

ಈಗ ಈ ಲೇಖನವನ್ನು ಕೈಯಲ್ಲಿ ಹಿಡಿದುಕೊಂಡು ಒಂದು ಸಿನಿಮಾ ನೋಡಿ. ಮಾರಿ ಸೆಲ್ವರಾಜರ ತಮಿಳು ಚಿತ್ರ ಪರಿಯೇರುಂ ಪೆರುಮಾಳ್, 2018ರದು, ಪಾ. ರಂಜಿತ್ ನಿರ್ಮಿಸಿದ್ದು. ನಮ್ಮ ವಿದ್ಯಾರ್ಥಿಗಳು ಇದರ ಮೇಲೆ ಬರೆದದ್ದಕ್ಕೆ ಲೆಕ್ಕವಿಲ್ಲ. ನಾಯಿಯ ಸಾವು, ರೈಲಿನ ಹಳಿ, ನೀಲಿ ಬಣ್ಣ, ಕೊನೆಯಲ್ಲಿ ಬರುವ ಎರಡು ಟೀ ಲೋಟ, ಹೀಗೆ ಬಿಂಬಗಳನ್ನು ಒಂದೊಂದಾಗಿ ಹೆಕ್ಕಿ ಅರ್ಥ ಹೇಳುತ್ತಾರೆ. ಆದರೆ ಆ ಚಿತ್ರದ ಅರ್ಧ ಕತೆ ಇಂಗ್ಲಿಷ್ ಕಲಿಕೆಯದು! ತಿರುನೆಲ್ವೇಲಿಯ ಲಾ ಕಾಲೇಜಿಗೆ ಬಂದ ಪರಿಯನ್‌ಗೆ ತರಗತಿಯ ಇಂಗ್ಲಿಷ್ ತಲೆಗೆ ಹೋಗುವುದಿಲ್ಲ. ಅಲ್ಲಿ ಅವಮಾನ ಆಗುತ್ತದೆ. ಅವನಿಗೆ ಕಲಿಸಿಕೊಡುವುದು ಸಹಪಾಠಿ ಜೋ. ಯಾವ ಬೋಧನಾ ವಿಧಾನವೂ ಇಲ್ಲದೆ, ಬರೀ ಸ್ನೇಹದಲ್ಲಿ. ಅವಳು ತನ್ನ ಮನೆಯ ಮದುವೆಗೆ ಕರೆಯುತ್ತಾಳೆ, ಅವನು ಹೋಗುತ್ತಾನೆ, ಅವಳ ಕಡೆಯ ಹುಡುಗರು ಕೋಣೆಯೊಳಗೆ ಹಾಕಿ ಹೊಡೆದು ಅವನ ಮೇಲೆ ಉಚ್ಚೆ ಹೊಯ್ಯುತ್ತಾರೆ.

ವಿಮರ್ಶೆ ಈ ಎರಡನ್ನು ಬೇರೆ ಬೇರೆ ಮಾಡಿ ಓದಿದೆ. ಇಂಗ್ಲಿಷ್ ಪಾಠದ ದೃಶ್ಯಗಳು ಹಾಸ್ಯಕ್ಕೆ, ಮದುವೆ ಮನೆಯ ದೃಶ್ಯ ಜಾತಿ ಕ್ರೌರ್ಯಕ್ಕೆ. ಗಂಪರ್ಜ್‌ನನ್ನು ಓದಿದ ಕಿವಿಗೆ ಅದು ಒಂದೇ ಕತೆ. ಭಾಷೆ ಸ್ನೇಹದ ದಾರಿಯಲ್ಲಿ ಬರುತ್ತದೆ. ಜಾತಿ ದುಡಿಮೆಗೆ ಅನುಮತಿ ಕೊಟ್ಟು ಸ್ನೇಹವನ್ನು ನಿಷೇಧಿಸುತ್ತದೆ. ಹಾಗಾದರೆ ಮದುವೆ ಮನೆಯ ಆ ಬಾಗಿಲು ಹಾಕಿದ ಕೋಣೆಯಲ್ಲಿ ನಿಷೇಧವಾದದ್ದು ಪ್ರೇಮ ಒಂದೇ ಅಲ್ಲ, ಇಂಗ್ಲಿಷ್ ಕೂಡಾ. ಗ್ರಾಮೀಣ ವಿದ್ಯಾರ್ಥಿಗಳ ಹಿಂಜರಿಕೆ ಅಂತ ಶೇಕಡಾವಾರು ಹಾಕುವವರು ಒಂದು ಸಲ ಈ ದೃಶ್ಯದ ಎದುರು ಕೂರಬೇಕು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ: ಎಲ್ಲ ಕ್ಲಾಸುಗಳಲ್ಲೂ ಹೀಗೆ ಹೊಡೆಯುತ್ತಾರೆ ಅಂತ ನನ್ನ ವಾದವಲ್ಲ. ಹೊಡೆಯದೆಯೂ ಬೆಂಚು ಬದಲಾಯಿಸಬಹುದು.

ನಮ್ಮ ಸಿನಿಮಾ ಸಂಪ್ರಬಂಧಗಳಿಗೆ ಕಣ್ಣಿದೆ, ಕಿವಿ ಇಲ್ಲ. ಇದು ಕನ್ನಡದ ದಲಿತ ವಿಮರ್ಶೆಯಿಂದ ಅವಕ್ಕೆ ಬಂದ ಬಳುವಳಿಯೂ ಹೌದು. ತೆರೆಯ ಮೇಲೆ ನಮ್ಮವರನ್ನು ಹೇಗೆ ತೋರಿಸಿದ್ದಾರೆ ಅಂತ ಕೇಳಿದ್ದೇವೆ, ಯಾವ ಮಾತಾಡಿಸಿದ್ದಾರೆ ಅಂತ ಅಷ್ಟಾಗಿ ಕೇಳಿಲ್ಲ. ಚೋಮನ ದುಡಿಯನ್ನೇ ತಗೊಳ್ಳಿ. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ 1975ರ ಸಿನಿಮಾ, ಸ್ವರ್ಣಕಮಲ ಪಡೆದದ್ದು, ಚೋಮನಾಗಿ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಬೇಸಾಯ ಮಾಡುವ ಆಸೆ ಹೊತ್ತ ಹೊಲೆಯನ ಸೋಲಿನ ಬಗ್ಗೆ, ಅದನ್ನು ಕಾಣುವ ಲೇಖಕರ ದೃಷ್ಟಿಯ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ. ಆದರೆ ಕತೆ ನಡೆಯುವುದು ತುಳು ಸೀಮೆಯಲ್ಲಿ. ಚೋಮ, ಬೆಳ್ಳಿ, ಮಕ್ಕಳು ಮನೆಯೊಳಗೆ ಆಡಬೇಕಾದದ್ದು ತುಳು. ತೆರೆಯ ಮೇಲೆ ಅವರು ಕನ್ನಡ ಆಡುತ್ತಾರೆ. ಸಿನಿಮಾ ಕನ್ನಡದ್ದು, ಹಾಗಾಗಿ ಅದು ಅನಿವಾರ್ಯ ಅಂತ ಹೇಳಬಹುದು, ಒಪ್ಪೋಣ. ಅನಿವಾರ್ಯವೇ ಆದರೂ ಅದರಿಂದ ಏನು ಕಳೆಯಿತು ಅಂತ ಕೇಳಬಾರದೆ? ಧಣಿಯ ಅಂಗಳದಲ್ಲಿ ಆಡುವ ಮಾತಿಗೂ ಗುಡಿಸಲಿನಲ್ಲಿ ಆಡುವ ಮಾತಿಗೂ ಇರುವ ದೂರ ಅಲ್ಲಿ ಅಳಿಸಿಹೋಗಿದೆ. ಅನುವಾದವಾಗದೆ ಉಳಿದದ್ದು ದುಡಿಯ ಸದ್ದು. ಕತೆಯ ಎಲ್ಲ ನೋವನ್ನೂ ಆ ಸದ್ದಿಗೆ ಹೊರಿಸಿರುವುದರ ಹಿಂದೆ ಮಾತಿನ ಈ ಗೈರುಹಾಜರಿಯೂ ಇದೆ ಅಂತ ನನ್ನ ಊಹೆ. ಭಾಷಾವಿಜ್ಞಾನ ಓದಿದ, ತುಳು ಬಲ್ಲ ಒಬ್ಬ ವಿದ್ಯಾರ್ಥಿ ಇದನ್ನು ನನಗಿಂತ ಚೆನ್ನಾಗಿ ಶೋಧಿಸಬಲ್ಲ.

ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ಫಂಡ್ರಿ, 2013ರದು, ಇದಕ್ಕೆ ಎದುರಾಗಿ ನಿಲ್ಲುತ್ತದೆ. ಹೆಸರೇ ಮರಾಠಿಯದಲ್ಲ. ಹಂದಿ ಹಿಡಿಯುವ ಕೆಲಸಕ್ಕೆ ಸಿಕ್ಕಿಹಾಕಿಕೊಂಡ ಕೈಕಾಡಿ ಕುಟುಂಬದ ಮನೆಮಾತಿನದು. ಅರ್ಥ ಹಂದಿ. ಶಾಲೆಯಲ್ಲಿ ರಾಷ್ಟ್ರಗೀತೆ ಕೇಳಿಸಿದಾಗ ಹಂದಿಯ ಹಿಂದೆ ಓಡುತ್ತಿದ್ದ ಇಡೀ ಕುಟುಂಬ ಕಲ್ಲಾಗಿ ನಿಲ್ಲುವುದು, ಸತ್ತ ಹಂದಿಯನ್ನು ಹೊತ್ತು ಅಂಬೇಡ್ಕರ್, ಫುಲೆ ಚಿತ್ರಗಳಿರುವ ಶಾಲೆಯ ಗೋಡೆಯ ಮುಂದೆ ಹಾಯುವುದು, ಕೊನೆಯಲ್ಲಿ ಜಬ್ಯಾ ನಮ್ಮತ್ತ ಎಸೆಯುವ ಕಲ್ಲು, ಇವನ್ನು ಎಲ್ಲರೂ ಬರೆದಿದ್ದಾರೆ. ನನಗೆ ಆ ಪದವೇ ಸಾಕು. ಮನೆಯೊಳಗೆ ಅದು ಒಂದು ಪ್ರಾಣಿಯ ಹೆಸರು. ಊರವರ ಬಾಯಲ್ಲಿ ಅದು ಹುಡುಗನನ್ನು ಕರೆಯುವ ಬೈಗುಳ. ಒಂದು ಸಮುದಾಯದ ಇಡೀ ಭಾಷೆಯಲ್ಲಿ ಊರು ಕಲಿತುಕೊಂಡದ್ದು ಇದನ್ನು.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಕೆಲಸ ಕಾದಿದೆ. ಕೈಕಾಡಿ ದ್ರಾವಿಡ ಮಾತು, ನಮ್ಮ ಕೊರಚ ಕೊರಮರ ಮಾತಿಗೆ ಹತ್ತಿರದ ನಂಟು. ಫಂಡ್ರಿಯನ್ನು ತಮಿಳಿನ ಪನ್ರಿ, ಹಳಗನ್ನಡದ ಪಂದಿ, ಇಂದಿನ ಹಂದಿ, ಕೇರಿಯ ಅಂದಿ, ಇವುಗಳ ಜೊತೆ ಒಂದೇ ಸಾಲಿನಲ್ಲಿ ಇಟ್ಟು ನೋಡಿ. ಮಹಾರಾಷ್ಟ್ರದ ಹಳ್ಳಿಯಲ್ಲಿ ಬೈಗುಳವಾದ ಪದ ನಮ್ಮ ಶಾಸ್ತ್ರೀಯ ಭಾಷೆಯ ಒಡಹುಟ್ಟು. ಎರಡನೇ ಗುಡ್ಡೆಯ ವಿದ್ಯೆ ಮೂರನೇ ಗುಡ್ಡೆಗೆ ಬಂದರೆ ಆಗುವ ಲಾಭ ಇದು. ಆದರೆ ಫಂಡ್ರಿಯ ಮೇಲೆ ನಾನು ನೋಡಿದ ಸಂಪ್ರಬಂಧಗಳಲ್ಲಿ ಆ ಹೆಸರಿನ ಅರ್ಥವನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿರುತ್ತಾರೆ.

ಚಳವಳಿಯ ಹಿರಿಯರೊಬ್ಬರು ಈ ಮಾತುಗಳನ್ನೆಲ್ಲಾ ಕೇಳಿ, ಲೇ ತಮ್ಮ, ನಮ್ಮ ಮಕ್ಕಳು ಔಸ್ ಅಂದ್ರೆ ಇಂಟರ್ವ್ಯೂನಲ್ಲಿ ಆಚೆಗೆ ಕಳಿಸ್ತಾರೆ, ನೀನು ಅದನ್ನ ಮುದ್ದು ಮಾಡ್ಬೇಡ, ಹೌಸ್ ಅನ್ನೋದ ಕಲ್ಸು ಅಂದರು. ಇದು ತಳ್ಳಿಹಾಕುವ ಮಾತಲ್ಲ. ಸಾವಿತ್ರಿಬಾಯಿ ಫುಲೆಯವರು 1854ರ ಕಾವ್ಯಫುಲೆಯಲ್ಲೇ ಇಂಗ್ಲಿಷ್ ಕಲಿಯಿರಿ ಎಂಬ ಕರೆ ಕೊಟ್ಟವರು. ಉತ್ತರ ಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ 2010ರಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟವರೂ ದಲಿತರೇ. ಗುಡಿಯ ವಿಷಯದಲ್ಲಿ ನನಗೆ ಅನುಮಾನವಿದೆ, ಹಸಿವಿನ ವಿಷಯದಲ್ಲಿ ಇಲ್ಲ. ಕೇರಿಯ ಮಾತನ್ನು ಕೇರಿಯವರಿಗೇ ಬಿಟ್ಟು, ತಮ್ಮ ಮಕ್ಕಳಿಗೆ ಕಾನ್ವೆಂಟು ಹುಡುಕುವ ದೇಸಿವಾದಿಗಳನ್ನು ನಾನೂ ನೋಡಿದ್ದೇನೆ. ಹೌಸ್ ಕಲಿಸೋಣ, ದಿನವೂ ಕಲಿಸೋಣ. ನಾನು ಕ್ಲಾಸಿನಲ್ಲಿ ಮಾಡುವುದೂ ಅದನ್ನೇ. ಕಲಿಸುವಾಗ ಅದು ನಿನ್ನ ರೋಗಕ್ಕೆ ಮದ್ದು ಅಂತ ಕಲಿಸಬಾರದು, ಇದು ಅವರ ಬಾಗಿಲಿನ ಕೀಲಿ, ಇಟ್ಟುಕೋ ಅಂತ ಕಲಿಸಬೇಕು. ಎರಡಕ್ಕೂ ಇರುವ ಅಂತರವನ್ನು ಕ್ಲಾಸಿನಲ್ಲಿ ಕೂತ ಹುಡುಗಿ ತಕ್ಷಣ ಹಿಡಿಯುತ್ತಾಳೆ.

ವಿದ್ಯಾರ್ಥಿಯ ಬರಹ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಇಪ್ಪತ್ತೈದು ವರ್ಷದ ವಿದ್ಯಾರ್ಥಿ ಭೀಮರಾವ್ ಅಂಬೇಡ್ಕರ್ ಭಾರತದ ಜಾತಿಗಳ ಕುರಿತು ಪ್ರಬಂಧ ಓದಿದರು. ಅದು ವಿದ್ಯಾರ್ಥಿಯ ಸೆಮಿನಾರ್ ಪೇಪರು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಸೆನಾರ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರ್ ಹೀಗೆ ಜಾತಿಯ ಪಂಡಿತರನ್ನು ಒಬ್ಬೊಬ್ಬರನ್ನಾಗಿ ಎದುರಿಗೆ ನಿಲ್ಲಿಸಿ ಅವರ ವ್ಯಾಖ್ಯೆ ಎಲ್ಲಿ ತಪ್ಪುತ್ತದೆ ಅಂತ ತೋರಿಸುತ್ತಾರೆ. ಒಳಮದುವೆಯೇ ಜಾತಿಯ ಮೂಲ ಲಕ್ಷಣ ಅಂತ ತಮ್ಮದೇ ಸಿದ್ಧಾಂತ ಕಟ್ಟುತ್ತಾರೆ. ಹೆಚ್ಚುವರಿಯಾಗಿ ಉಳಿದ ಹೆಣ್ಣನ್ನು ಏನು ಮಾಡಬೇಕೆಂಬ ಪ್ರಶ್ನೆಯಿಂದ ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹಗಳನ್ನು ವಿವರಿಸುತ್ತಾರೆ. ತಮ್ಮ ಸ್ವಂತ ಗಾಯವನ್ನು ಮೇಜಿನ ಮೇಲಿಟ್ಟು ಮರುಕ ಕೇಳುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ವಿಭಾಗಗಳಲ್ಲಿ ಈಗ ಹೊಸದೊಂದು ಔದಾರ್ಯ ಶುರುವಾಗಿದೆ. ನೀನು ದಲಿತನಲ್ಲವೆ, ನಿನ್ನ ಅನುಭವವನ್ನೇ ಬರಿ, ಅದೇ ಸಂಶೋಧನೆ ಅನ್ನುತ್ತಾರೆ. ತಪ್ಪಿನ ಪಟ್ಟಿಯಲ್ಲಿ ಅವನು ಮಾಹಿತಿಯಾಗಿದ್ದ, ಈಗ ಅನುಭವದ ಹೆಸರಿನಲ್ಲಿ ಮತ್ತೆ ಮಾಹಿತಿಯಾಗುತ್ತಾನೆ. ವಿಶ್ಲೇಷಣೆ ಮಾತ್ರ ಇನ್ನೊಬ್ಬರ ಕೈಯಲ್ಲೇ ಉಳಿಯುತ್ತದೆ. ಗೋಪಾಲ್ ಗುರು 2002ರಲ್ಲಿ ಸಮಾಜ ವಿಜ್ಞಾನಗಳ ಬಗ್ಗೆ ಇದನ್ನೇ ಕೇಳಿದರು. ಸಿದ್ಧಾಂತದ ಬ್ರಾಹ್ಮಣರು, ದತ್ತಾಂಶದ ಶೂದ್ರರು ಎಂಬ ಅವರ ವಿಂಗಡಣೆ ಇಂಗ್ಲಿಷ್ ವಿಭಾಗಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ನಮ್ಮ ಹುಡುಗಿಗೆ ಹಕಾರ ಬಿದ್ದುಹೋಗುವುದರ ನೋವೂ ಗೊತ್ತು, ಅದರ ನಿಯಮವೂ ಗೊತ್ತು. ಯಾವ ಪದದಲ್ಲಿ ಬಿಡುತ್ತಾಳೆ, ಯಾರ ಎದುರು ಬಿಡುವುದಿಲ್ಲ, ಹೆದರಿಕೆಯಲ್ಲಿ ಆಸೆಯನ್ನು 'ಹಾಸೆ' ಅಂತ ಎಲ್ಲಿ ಹೆಚ್ಚುವರಿ ಹಕಾರ ಹಚ್ಚುತ್ತಾಳೆ, ಇದೆಲ್ಲ ಅವಳ ಕಿವಿಯಲ್ಲಿದೆ. ನಿಯಮವನ್ನು ಅವಳೇ ಬರೆಯಬೇಕು.

ಈ ವರ್ಷ ಒಬ್ಬ ವಿದ್ಯಾರ್ಥಿನಿ ಅಂಥದ್ದೊಂದಕ್ಕೆ ಕೈ ಹಾಕಿದ್ದಾಳೆ. ತನ್ನ ಹಾಸ್ಟೆಲ್ಲಿನ ಮಹಡಿಯಲ್ಲಿ ಯಾರು ಯಾರ ಜೊತೆ ಊಟಕ್ಕೆ ಕೂರುತ್ತಾರೆ ಎಂಬುದರ ನಕ್ಷೆ ಒಂದು ಕಡೆ, ಅವರ ಇಂಗ್ಲಿಷ್ ಮಾತಿನ ಧ್ವನಿಮುದ್ರಣ ಇನ್ನೊಂದು ಕಡೆ, ಪರಿಯೇರುಂ ಪೆರುಮಾಳ್ ಚಿತ್ರದ ತರಗತಿಯ ದೃಶ್ಯಗಳು ನಡುವೆ. ಮುದ್ರಣದಲ್ಲಿ ತನ್ನ ದನಿಯನ್ನೂ ಸೇರಿಸಿಕೊಂಡಿದ್ದಾಳೆ, ಎಲ್ಲರ ಹಾಗೆ ಒಂದು ಸಂಖ್ಯೆ ಕೊಟ್ಟುಕೊಂಡು. ಸಾರಾಂಶ ಒಪ್ಪಿಸಿದಾಗ ಸಮಿತಿಯವರು ಇದು ಭಾಷಾ ಬೋಧನೆಯೋ, ಭಾಷಾವಿಜ್ಞಾನವೋ, ಸಿನಿಮಾವೋ, ಯಾವುದಾದರೂ ಒಂದು ಆರಿಸಿಕೊಳ್ಳಿ ಅಂದಿದ್ದಾರೆ. ಅವಳು ಇನ್ನೂ ಆರಿಸಿಕೊಂಡಿಲ್ಲ. ಮುಂದಿನ ಸಭೆ ಹದಿನೈದು ದಿನಕ್ಕಿದೆ. ಅಷ್ಟರೊಳಗೆ ಗಂಪರ್ಜ್ ಲೇಖನದ ಝೆರಾಕ್ಸ್ ಸಮಿತಿಯ ನಾಲ್ವರಿಗೂ ಒಂದೊಂದು ತಲುಪಿಸುವುದು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.